ಸರಿ ಗುರುತು

ಕೀತ್ಲಿಯಲ್ಲಿ, ಇಳಿಜಾರಿನ ಬೀದಿಯ ಕೊನೆಯ ಮನೆ.
ಬೆಳಗಿನ ಎರಡನೆಯ ಕೆಲಸ; ಕೊಟ್ಟಿರುವ ಹೊತ್ತು ಒಂದೂವರೆ ಗಂಟೆ,
ವ್ಯಾನಿಗೆ ಜಾಗ ಹುಡುಕುವುದೂ ಅದರಲ್ಲೇ.

ಬಾಗಿಲು ತೆರೆದವಳು ಗ್ಲೆನಿಸ್ ಪಿಕರ್ಸ್‌ಗಿಲ್,
ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವಳು.
ಹಳದಿ ಕೋಟು ಇನ್ನೂ ಮೈಮೇಲಿತ್ತು,
'ನಿಲ್ಲಿ' ಎಂಬ ಫಲಕದ ಕೋಲು ಛತ್ರಿಯ ಪಕ್ಕ ಒರಗಿತ್ತು.
ನನ್ನ ಗುರುತಿನ ಚೀಟಿಯನ್ನು ಕನ್ನಡಕವಿಲ್ಲದೆ ಓದಿ
ಶೂ ಒರೆಸಿಕೊಂಡು ಬಾ ಎಂದಳು.

ಆಕೆಯ ಗುರುತು ಹತ್ತಲಿಲ್ಲ. ಹತ್ತಿದ್ದು ಗೂಡಿನ ಗುರುತು:
ಮೆಟ್ಟಿಲ ಕೆಳಗೆ, ಕ್ರಿಸ್‌ಮಸ್ ದೀಪದ ಡಬ್ಬಿಯ ಹಿಂದೆ,
ಎಂಟು ವರ್ಷದ ಕೆಳಗೆ ನಾನೇ ಬಿಗಿದ ಮೀಟರು.
ಹೆಸರು ಜಾಣ ಮೀಟರು;
ಆಕೆ ಕಂಪನಿ ಬದಲಿಸಿದ ತಿಂಗಳಿಂದ ಮೂಕ.
ಅದಕ್ಕೇ ಈಗ ಇನ್ನೊಬ್ಬ ಜಾಣ.

ಬಾಗಿದ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಕವಾಟ ಮುಚ್ಚಿ,
ಎರಡು ನಿಮಿಷ ಮಂಡಿಯೂರಿ ಕೂತೆ.
ನೀರು ಕದಲಲಿಲ್ಲ.
ಕೊಳವೆಗಳು ಸುಳ್ಳು ಹೇಳುವುದಿಲ್ಲ,
ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತವೆ.

ಆಮೇಲೆ ಮುಂದಿನ ಕೋಣೆ. ಗ್ಯಾಸಿನ ಅಗ್ಗಿಷ್ಟಿಕೆ.
ಗೋಡೆಯಲ್ಲಿ ಗಾಳಿಕಿಂಡಿ ಇರಬೇಕಾದ ಕಡೆ ಒಂದು ಬೀರು,
ಅದರ ತುಂಬ ಪಿಂಗಾಣಿ ತಟ್ಟೆ.
ಆಗಲೂ ಅದು ಅಲ್ಲೇ ಇತ್ತು.
ಆ ವರ್ಷ ದಿನಕ್ಕೆ ಆರು ಮನೆ, ಏಳನೆಯದಕ್ಕೆ ಬೋನಸ್ಸು;
ಇದು ಏಳನೆಯದು.
ಬೀರು ಸರಿಸದೆ
'ಸರಿ' ಎಂದು ಗುರುತು ಹಾಕಿದ್ದೆ.

ಈಗ ತಟ್ಟೆಗಳನ್ನು ಒಂದೊಂದಾಗಿ ಸೋಫಾದ ಮೇಲಿಟ್ಟು ಸರಿಸಿದೆ.
ಕಿಂಡಿಯೊಳಗೆ ಹಳೆಯ ಪತ್ರಿಕೆ, ಗಟ್ಟಿಯಾಗಿ ತುರುಕಿದ್ದು.
ಗಾಳಿ ಹೊಡೀತಿತ್ತು, ನಮ್ಮಮ್ಮ ಮಾಡಿದ್ದು, ಎಂದಳು.
ಬಿಡಿಸಿ ನೋಡಿದೆ: ಗಿರಣಿಯ ಮಗ್ಗಗಳ ಹರಾಜಿನ ಜಾಹೀರಾತು,
ತಾರೀಖು
ನಾನು ಬಂದುಹೋದದ್ದಕ್ಕಿಂತ ಆರು ವರ್ಷ ಹಳೆಯದು.

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ.
ಇಲ್ಲಿ ಬೆಂಕಿಯೇನೋ ಇತ್ತು, ನೀಲಿ ಬಿಟ್ಟು ಹಳದಿಗೆ ತಿರುಗಿದ್ದು;
ಹೊಗೆಯನ್ನು ನಾನು ತಂದಿದ್ದೆ, ಕಡ್ಡಿಯ ತುದಿಯಲ್ಲಿ, ಸಾಕ್ಷಿ ಹೇಳಲು.
ಚಿಮಣಿಯ ಬಾಯಿಗೆ ಹಿಡಿದೆ.
ಅದು ಒಂದು ಕ್ಷಣ ಯೋಚಿಸಿತು,
ಮೇಲೆ ಹೋಗಲಿಲ್ಲ,
ನಿಧಾನ ನನ್ನ ಮುಖದ ಕಡೆಗೆ ಬಂತು.

ಆಕೆ ಹಿಂದೆ ನಿಂತು ಮಾತಾಡುತ್ತಲೇ ಇದ್ದಳು:
ಚಳಿಗಾಲ ಬಂತೆಂದರೆ ತಲೆ ಸಿಡಿಯುತ್ತದೆ,
ಡಾಕ್ಟರು ವಯಸ್ಸು ಎಂದರು,
ಬೇಸಗೆಯಲ್ಲಿ ತಾನೇ ಬಿಟ್ಟುಹೋಗುತ್ತದೆ,
ಬಿಸಿಲು ನನ್ನ ಮೈಗೆ ಒಗ್ಗುತ್ತದೆ ನೋಡು.

ಗ್ಯಾಸು ನಿಲ್ಲಿಸಿದೆ. ಕಿಟಕಿ ತೆರೆದೆ.
'ತಕ್ಷಣದ ಅಪಾಯ' ಎಂಬ ಕೆಂಪು ಚೀಟಿಯನ್ನು
ಅಗ್ಗಿಷ್ಟಿಕೆಯ ಕೊರಳಿಗೆ ಕಟ್ಟಿದೆ.

ಸಿಟ್ಟು ಬಂತು ಆಕೆಗೆ. ಬರಬೇಕಾದ್ದೇ.
ಬಿಟ್ಟಿ ಮೀಟರು ಅಂದಿರಿ, ಬಂದು ನನ್ನ ಬೆಂಕಿ ಆರಿಸಿದಿರಿ,
ಜನವರಿಯಲ್ಲಿ!
ಹೊಸದು ಮಾರುವ ಹುನ್ನಾರ, ಗೊತ್ತಿಲ್ಲವೇ ನನಗೆ.
ಹಿಂದೆ ಬಂದಿದ್ದ ಹುಡುಗ ಎಷ್ಟು ಒಳ್ಳೆಯವನು,
ಎಲ್ಲ ನೋಡಿದ, ಎಲ್ಲ ಸರಿ ಎಂದ,
ಹತ್ತೇ ನಿಮಿಷ, ಪಾಪ, ಬಿಸ್ಕತ್ತೂ ಮುಟ್ಟಲಿಲ್ಲ.

ಕಿಸೆಯಲ್ಲಿ ಫೋನು ನಡುಗಿತು. ಮೂರನೆಯ ಮನೆ.
ಕೈಯಲ್ಲಿ ಟ್ಯಾಬ್ಲೆಟ್ಟು, ಅದರಲ್ಲಿ ಒಂದು ಖಾಲಿ ಚೌಕ:
ಹಿಂದೆ ಪರೀಕ್ಷಿಸಿದವರು ಯಾರು, ತಿಳಿದಿದ್ದರೆ.
ತಿಳಿದಿದ್ದರೆ ಎಂಬ ಮಾತಿನಲ್ಲಿ
ಒಬ್ಬ ಮನುಷ್ಯ ಆರಾಮಾಗಿ ತೂರಿಹೋಗಬಹುದು.

ಆ ಹುಡುಗ ನಾನೇ, ಎಂದೆ.

ಆಕೆ ಕೋಟಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು.
ಚೀಟಿಯ ಮೇಲಿನ ಹೆಸರನ್ನು ಮತ್ತೆ ಓದಿದಳು, ತುಟಿ ಅಲುಗಿಸುತ್ತ:
ಡೆಂಜಿಲ್ ಅಟ್ಟರ್‌ಶಾ.
ತೆರೆದ ಕಿಟಕಿಯಿಂದ ಚಳಿ ಬಂದು
ಸೋಫಾದ ಮೇಲಿನ ತಟ್ಟೆಗಳ ಮೇಲೆ ಕೂತಿತು.

ಗಡ್ಡ ಬಿಟ್ಟಿದ್ದೀಯ, ಎಂದಳು.

ಆಮೇಲೆ ಬೀರಿನ ಇನ್ನೊಂದು ತುದಿ ತಾನು ಹಿಡಿದಳು,
ಗೋಡೆಯಿಂದ ಇನ್ನೂ ದೂರಕ್ಕೆ.